ಹೆಬ್ಬೆರಳಿನ ಪೆನ್ಷನ್ ಬಂತು, ಎಲ್ಲರಿಗೂ ನಮಸ್ಕಾರ

ಸುದ್ದಿ ಈಗಾಗಲೇ ಕೇರಿಯಲ್ಲೆಲ್ಲ ಹರಡಿದೆ. ಆದರೂ ನಾನೇ ಬರೆದು ತಿಳಿಸಬೇಕು ಅನ್ನಿಸಿತು. ನನ್ನ ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂಗವೈಕಲ್ಯ ಪೆನ್ಷನ್ ಮಂಜೂರಾಗಿದೆ. ಹಿಂದಿನ ಬಾಕಿ ಸಮೇತ ಮೊದಲ ಕಂತು ಬ್ಯಾಂಕ್ ಖಾತೆಗೆ ಬಂದಿದೆ. ಇನ್ನು ನಾನಿರುವವರೆಗೂ ಬರುತ್ತದೆ. ಎಡಗೈಯಲ್ಲಿ ಟೈಪ್ ಮಾಡಿದ್ದೇನೆ, ಮಗಳು ತಿದ್ದಿದ್ದಾಳೆ. ಕಾಗುಣಿತ ಸರಿಯಿದ್ದರೆ ಅದು ಅವಳದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಮೈಸೂರಿನಲ್ಲಿ ಕಾಂಪ್ಯಾಕ್ಟರ್ ಗಾಡಿಗೆ, ಅಂದರೆ ಕಸ ಒತ್ತಿ ಸಾಗಿಸುವ ಲಾರಿಗೆ, ಕಸ ತುಂಬುವ ಲೋಡರ್ ಆಗಿದ್ದವನು. ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ ಗುತ್ತಿಗೆದಾರರ ಕೈ ತಪ್ಪಿಸಿ ನೇರ ಪಾವತಿ ಬಂತು, ಆಮೇಲೆ ಕಾಯಂ ಮಾಡುವ ಮಾತೂ ಬಂತು. ನಾವು ಡ್ರೈವರ್‌ಗಳು, ಲೋಡರ್‌ಗಳು, ಒಳಚರಂಡಿಯವರು ಮಾತ್ರ ಹೊರಗುತ್ತಿಗೆಯಲ್ಲೇ ಉಳಿದೆವು. 2022ರ ಜುಲೈ ಮುಷ್ಕರದಲ್ಲಿ ನಾವೂ ಅವರ ಪಕ್ಕದಲ್ಲೇ ಕೂತಿದ್ದೆವು. ಆ ಸೆಪ್ಟೆಂಬರಿನಲ್ಲಿ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಸಂಪುಟ ಒಪ್ಪಿದಾಗ ಸಿಹಿ ಹಂಚಿದ್ದೂ ಹೌದು. ಆ ಲೆಕ್ಕದಲ್ಲಿ ಗಾಡಿಯವರು ಇರಲಿಲ್ಲ, ಅದು ಬೇರೆ ಮಾತು.

ಆಯುಧಪೂಜೆಯ ಮರುದಿನ ಮೈಸೂರಿನ ಕಸ ಏನು ಅಂತ ಎತ್ತಿದವರಿಗೇ ಗೊತ್ತು. ಪ್ರತಿ ಗ್ಯಾರೇಜು, ಪ್ರತಿ ಆಟೋ ಸ್ಟ್ಯಾಂಡಿನ ಮುಂದೆ ಬಾಳೆಕಂದು, ಸೇವಂತಿಗೆ, ಕುಂಕುಮ ಮೆತ್ತಿ ಒಡೆದ ಬೂದುಗುಂಬಳಕಾಯಿ. ಮಧ್ಯಾಹ್ನ ಜಂಬೂಸವಾರಿ ಹೊರಡುವಷ್ಟರಲ್ಲಿ ರಸ್ತೆ ಕ್ಲೀನ್ ಆಗಿರಬೇಕು. ಬಾಳೆಕಂದಿನ ನಾರು ಕಾಂಪ್ಯಾಕ್ಟರಿನ ಕಸ ಒತ್ತುವ ತಟ್ಟೆಗೆ ಸುತ್ತಿಕೊಂಡರೆ ತಟ್ಟೆ ಅರ್ಧಕ್ಕೆ ನಿಂತುಬಿಡುತ್ತದೆ, ಕೈ ಹಾಕಿ ಎಳೆಯಬೇಕು. ಎಳೆಯುತ್ತಿದ್ದಾಗ ನಾರು ಬಿಟ್ಟುಕೊಂಡಿತು, ತಟ್ಟೆಯೂ ಇಳಿಯಿತು. ಬಲಗೈ ಹೆಬ್ಬೆರಳು ಬುಡದಿಂದಲೇ ಹೋಯಿತು. ಹಾಕಿಕೊಂಡಿದ್ದದ್ದು ಬಟ್ಟೆ ಗ್ಲೌಸು. ಅದರ ಬಗ್ಗೆ ಇಷ್ಟು ಸಾಕು.

ಮೊದಲ ನಮಸ್ಕಾರ ನಮ್ಮ ಗಾಡಿಯ ಡ್ರೈವರಣ್ಣನಿಗೆ. ಹೆಸರು ಹಾಕಬೇಡ ಅಂದಿದ್ದಾನೆ, ಇನ್ನೂ ಅದೇ ಗುತ್ತಿಗೆದಾರರ ಕೈಕೆಳಗಿದ್ದಾನೆ. ನನ್ನನ್ನು ದೊಡ್ಡಾಸ್ಪತ್ರೆಗೆ ಸೇರಿಸುವಷ್ಟರಲ್ಲೇ ಗುತ್ತಿಗೆದಾರರ ಕಡೆಯವರೊಬ್ಬರು ಬಂದು ನಿಂತಿದ್ದರು. "ಮನೆ ಬಾಗಿಲಿಗೆ ಸಿಕ್ಕಿಸಿಕೊಂಡೆ ಅಂತ ಬರೆಸು, ಖರ್ಚೆಲ್ಲ ನಾವು ನೋಡ್ಕೋತೀವಿ" ಅಂದರು. ನನಗೆ ಆಗ ಹೌದು ಅನ್ನಲೂ ಇಲ್ಲ ಅನ್ನಲೂ ಪ್ರಜ್ಞೆ ಇರಲಿಲ್ಲ. ಡ್ಯೂಟಿ ಡಾಕ್ಟರು ಕೇಳಿದಾಗ ಡ್ರೈವರಣ್ಣ ಗುತ್ತಿಗೆದಾರರ ಕಡೆಯವರ ಎದುರಿಗೇ ಹೇಳಿದ: "ಕಸದ ಗಾಡಿ ಸಾರ್. ಕೆಲಸದ ಮೇಲಿದ್ದಾಗ ಆಗಿದ್ದು. ನಾನೇ ಗಾಡಿ ಓಡಿಸ್ತಿದ್ದೆ." ಡಾಕ್ಟರಮ್ಮ ತಲೆ ಎತ್ತದೆ ಅಷ್ಟನ್ನೂ ಬರೆದುಕೊಂಡರು. ಗಾಡಿ ನಂಬರನ್ನೂ ಕೇಳಿ ಬರೆದರಂತೆ. ಆ ತಾಯಿಯ ಮುಖ ನನಗೆ ನೆನಪಿಲ್ಲ. ಇದನ್ನು ಓದಿದರೆ ತಿಳಿಯಲಿ: ನಾನು ಈಗ ತಿನ್ನುತ್ತಿರುವ ಅನ್ನದಲ್ಲಿ ನಿಮ್ಮ ಆ ಎರಡು ಸಾಲು ಇದೆ.

ಯಾಕೆಂದರೆ ಎಲ್ಲವೂ ನಿಂತದ್ದು ಆ ಬರವಣಿಗೆಯ ಮೇಲೆ. ಮನೆಯಲ್ಲಿ ಬಿದ್ದ ಪೆಟ್ಟಿಗೆ ಪೆನ್ಷನ್ ಇಲ್ಲ. ಕೆಲಸದ ಮೇಲೆ ಬಿದ್ದ ಪೆಟ್ಟಿಗೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ಆಗಿದ್ದರೂ ಇದೆ, ಇಷ್ಟು ತಿಂಗಳು ವಿಮೆಯ ಕಂತು ಕಟ್ಟಿರಬೇಕು ಅನ್ನುವ ಷರತ್ತಿಲ್ಲ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದದ್ದೂ ಈಗ ಲೆಕ್ಕಕ್ಕೆ ಬರುತ್ತದೆ. ನಸುಕಿನಲ್ಲಿ ಪೊರಕೆ ಹಿಡಿದು ನಡೆದು ಬರುವ ಅಕ್ಕಂದಿರು ಇದನ್ನು ನೆನಪಿಡಿ.

ಎರಡನೆಯ ನಮಸ್ಕಾರ ನಮ್ಮ ವಾರ್ಡಿನ ದಫೇದಾರರಿಗೆ, ಅಂದರೆ ನಮ್ಮ ಮೇಸ್ತ್ರಿಗೆ. ಗುತ್ತಿಗೆದಾರರ ಮುಂದಿನ ಮಾತು "ಅವತ್ತು ವಿಜಯದಶಮಿ ರಜೆ, ಅವನನ್ನು ಕೆಲಸಕ್ಕೆ ಕರೆದೇ ಇರಲಿಲ್ಲ" ಅಂತ. ಅವರ ಹಾಜರಿ ಪುಸ್ತಕದಲ್ಲೂ ನನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದರು. ದಫೇದಾರರು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕುವವರು. ಆ ದಿನದ್ದು ಅಳಿಸದೆ ಇಟ್ಟುಕೊಂಡಿದ್ದರು. ಹಿಂದಿನ ಸಾಲಿನಲ್ಲಿ, ಗಾಡಿಯ ರೇಡಿಯೇಟರಿಗೆ ಕಟ್ಟಿದ್ದ ಸೇವಂತಿಗೆ ಹಾರದ ಪಕ್ಕ, ನಾನಿದ್ದೇನೆ. ಬಲಗೈ ಸೊಂಟದ ಮೇಲೆ. ಎಲ್ಲ ಬೆರಳೂ ಕಾಣುತ್ತವೆ.

ಹಣ ಕೊಟ್ಟು ಮುಗಿಸುವ ಪ್ರಯತ್ನವೂ ಆಯಿತು. ಒಂದು ಗಂಟು ತಗೊಂಡು ಸುಮ್ಮನಿರು ಅಂದರು. ನಾನು ಆಸೆಪಟ್ಟೆ ಅಂತಲೇ ಅಂದುಕೊಳ್ಳಿ, ಮನೆ ಬಾಡಿಗೆ ಬಾಕಿಯಿತ್ತು. ನನ್ನ ಮನೆಯವಳು ಕಾಫಿ ಕೊಟ್ಟು, ಲೋಟ ವಾಪಸ್ ಇಸ್ಕೊಂಡು, "ಅಣ್ಣ, ಗಂಟು ದೀಪಾವಳಿಗೆ ಮುಗಿಯುತ್ತೆ. ಬೆರಳು ದೀಪಾವಳಿಗೆ ಬೆಳೆಯಲ್ಲ" ಅಂದು ಕಳಿಸಿದಳು. ಅವಳಿಗೆ ಇಲ್ಲಿ ನಮಸ್ಕಾರ ಬರೆದರೆ ಬೈಯುತ್ತಾಳೆ. ಬರೆದಿದ್ದೇನೆ.

ಅರ್ಜಿ ಬರೆದುಕೊಟ್ಟವರು ನಮ್ಮ ಸಂಘದ ಹಿರಿಯರು, ನಿವೃತ್ತ ಪೌರಕಾರ್ಮಿಕರು, ನಾವೆಲ್ಲ ತಾತ ಅನ್ನುವವರು. ಇಎಸ್‌ಐ ಕಾಯ್ದೆ ಬಂದದ್ದು 1948ರಲ್ಲಿ, ನಾನು ಹುಟ್ಟಿದ್ದು ಅದೇ ಸುಮಾರಿಗೆ, ಅದರಲ್ಲಿ ಏನಿದೆ ಅಂತ ಗೊತ್ತಾಗಿದ್ದು ತಲೆ ನರೆತ ಮೇಲೆ ಅಂತ ನಗುತ್ತಾರೆ. ಗುತ್ತಿಗೆದಾರರು ಅಪಘಾತದ ವರದಿ ಕಳಿಸಲಿಲ್ಲ ಅಂತ ಕಾಯುತ್ತಾ ಕೂರಬಾರದು, ಪೆಟ್ಟು ಬಿದ್ದವನೇ ತಿಳಿಸಬಹುದು ಅಂತ ಹೇಳಿದವರು ಅವರೇ. ಇಎಸ್‌ಐ ಶಾಖಾ ಕಚೇರಿಯ ಮೇಡಂ ಕೂಡ ಅದನ್ನೇ ಹೇಳಿದರು. ಕೆಲಸದ ಸಮಯದಲ್ಲಿ ಆದ ಅಪಘಾತ, ಬೇರೆ ಪುರಾವೆ ಇಲ್ಲದಿದ್ದರೆ, ಕೆಲಸದಿಂದಲೇ ಆದದ್ದು ಅಂತ ಕಾನೂನೇ ಭಾವಿಸುತ್ತದಂತೆ. ಮಾಲೀಕ ಕಂತು ಕಟ್ಟದೆ ಬಾಕಿ ಇಟ್ಟಿದ್ದರೂ ಕಾರ್ಮಿಕನಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡುವ ಅಧಿಕಾರ ಇಎಸ್‌ಐಗೆ ಇದೆ. ಆ ಮೇಡಂ ಕೌಂಟರಿನಿಂದ ಎದ್ದು ಬಂದು, ನನ್ನ ಎಡಗೈ ಸಹಿ ಮೂರು ಕಡೆ ಮೂರು ಥರ ಇದ್ದದ್ದನ್ನು ನೋಡಿ, ಬೇರೆ ಹಾಳೆ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡು ಬರೆಸಿದರು. ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಸಿಕ್ಕಿದ್ದು ನನಗೆ ಅದೇ ಮೊದಲು.

ಲೆಕ್ಕ ಕೇಳುತ್ತಿರುವವರು ಬಹಳ ಜನ, ಹಾಗಾಗಿ ಬಿಡಿಸಿ ಬರೆಯುತ್ತೇನೆ. ಸಂಬಳದ ನೂರು ರೂಪಾಯಿಗೆ 75 ಪೈಸೆ ನಮ್ಮಿಂದ ಹಿಡಿಯುತ್ತಾರೆ, 3 ರೂಪಾಯಿ 25 ಪೈಸೆ ಮಾಲೀಕರು ಹಾಕಬೇಕು. ಗಾಯ ಮಾಯುವವರೆಗೆ, ಇಎಸ್‌ಐ ಡಾಕ್ಟರು ರಜೆ ಬರೆದಷ್ಟು ದಿನಕ್ಕೆ, ದಿನಗೂಲಿಯ ಸರಾಸರಿಯಲ್ಲಿ ನೂರಕ್ಕೆ 90 ಸಿಗುತ್ತದೆ. ಆಮೇಲೆ ಮೆಡಿಕಲ್ ಬೋರ್ಡು ಕೂತು ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ ನಿರ್ಧರಿಸುತ್ತದೆ. ನನ್ನನ್ನು ಮೇಜಿನ ಮೇಲಿಂದ ಒಂದು ನಾಣ್ಯ ಎತ್ತಲು ಹೇಳಿದರು. ಅಂಚಿನವರೆಗೆ ಜಾರಿಸಿ, ಎರಡು ಬೆರಳ ಸಂದಿಯಲ್ಲಿ ಹಿಡಿದೆ. ಷರ್ಟಿನ ಗುಂಡಿ ಹಾಕಲು ಹೇಳಿದರು, ಅದು ಆಗಲಿಲ್ಲ. ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ 30 ಅಂತ ಇದೆ, ಅಷ್ಟನ್ನೇ ಬರೆದರು. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಒಂದು ಕಣ್ಣು ಹೋದರೆ 40. ಮಗಳು ಪಟ್ಟಿ ಓದಿ "ಮಟನ್ ಅಂಗಡಿ ಬೋರ್ಡ್ ಇದ್ದಂಗಿದೆ ಅಪ್ಪ" ಅಂದಳು. ಇರಲಿ, ಬೆಲೆ ಬರೆಯದ ಅಂಗಡಿಗಿಂತ ವಾಸಿ. ದಿನಗೂಲಿ 500 ರೂಪಾಯಿ ಅಂತಿಟ್ಟುಕೊಳ್ಳಿ. ಅದರ ಶೇ 90 ಅಂದರೆ 450. ಅದರ ಶೇ 30 ಅಂದರೆ ದಿನಕ್ಕೆ 135, ಮೂವತ್ತು ದಿನಕ್ಕೆ 4,050. ನನ್ನದೂ ಆಸುಪಾಸು ಅಷ್ಟೇ.

ಎರಡು ವಿಷಯ ಎಲ್ಲರೂ ತಪ್ಪಾಗಿ ಹೇಳುತ್ತಿದ್ದರು. ಮತ್ತೆ ಕೆಲಸಕ್ಕೆ ಸೇರಿದರೆ ಪೆನ್ಷನ್ ನಿಲ್ಲುತ್ತದೆ ಅನ್ನುವುದು ಒಂದು. ನಿಲ್ಲುವುದಿಲ್ಲ. ನಾನು ಈಗ ಒಣಕಸ ಘಟಕದಲ್ಲಿ ಬರುವ ಗಾಡಿಗಳ ತೂಕ ಬರೆಯುತ್ತೇನೆ, ಸಂಬಳ ಬೇರೆ, ಇದು ಬೇರೆ. ಇನ್ನೊಂದು, ಶೇ 40 ಅಂಗವಿಕಲತೆ ಇಲ್ಲದಿದ್ದರೆ ಏನೂ ಸಿಗುವುದಿಲ್ಲ ಅನ್ನುವುದು. ಅದು ತಾಲ್ಲೂಕು ಕಚೇರಿಯ ಅಂಗವಿಕಲ ವೇತನದ ಮಾತು, ಅದು ನನಗೆ ಬರುವುದಿಲ್ಲ, ನಿಜ. ಇಎಸ್‌ಐಯಲ್ಲಿ ಆ 40ರ ಗೆರೆ ಇಲ್ಲ. ಇಎಸ್‌ಐ ಇಲ್ಲದವರಿಗೆ ನೌಕರರ ಪರಿಹಾರದ ಕಾನೂನಿನ ದಾರಿಯಿದೆ ಅಂತ ತಾತ ಹೇಳುತ್ತಾರೆ, ಅದರಲ್ಲಿ ಬರುವುದು ಒಂದೇ ಸಲದ ಗಂಟು. ಒಳಚರಂಡಿಯ ತಮ್ಮಂದಿರಿಗೆ ಇನ್ನೊಂದು ಮಾತು. ಮ್ಯಾನ್‌ಹೋಲಿಗೆ ಇಳಿಸಿ ಕಾಯಂ ಅಂಗವೈಕಲ್ಯ ಆದರೆ 20 ಲಕ್ಷ, ಸತ್ತರೆ 30 ಲಕ್ಷ ಕೊಡಬೇಕು ಅಂತ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನೀವು ಇಳಿಯಲೇಬೇಡಿ. ಇಳಿಸುವುದೇ ಅಪರಾಧ.

ಕಷ್ಟದ ದಿನಗಳಲ್ಲಿ ಕೈ ಹಿಡಿದವರು ಎಷ್ಟೋ ಜನ. ಚೀಟಿಯ ಹೆಂಗಸರು ತಮ್ಮ ಸರದಿ ಬಿಟ್ಟು ನಮಗೆ ಎತ್ತಲು ಕೊಟ್ಟರು. ವಾರ್ಡಿನ ಮನೆಯವರೊಬ್ಬರು ಮಗಳ ಕಾಲೇಜಿನ ಶುಲ್ಕ ಕಟ್ಟಿದರು. ನ್ಯಾಯಬೆಲೆ ಅಂಗಡಿಯಣ್ಣ ನನ್ನ ಉಳಿದ ಬೆರಳುಗಳನ್ನೆಲ್ಲ ಒಂದೊಂದಾಗಿ ಒರೆಸಿ ಯಂತ್ರದ ಮೇಲಿಟ್ಟು ನೋಡಿದ. ಕಸ ಎತ್ತಿ ಎತ್ತಿ ಗೆರೆ ಸವೆದಿದೆ, ಕೊನೆಗೆ ಎಡಗೈ ಕಿರುಬೆರಳು ಹಿಡಿಯಿತು. ನನಗೆ ಅಕ್ಕಿ ತಂದುಕೊಡುವುದು ಈಗ ಅದೇ. ಮುದ್ದೆ ಮುರಿಯಲು ಹೆಬ್ಬೆರಳು ಎಷ್ಟು ಬೇಕು ಅಂತ ಇದ್ದಾಗ ಗೊತ್ತಾಗಲ್ಲ. ಅಮ್ಮ ಈಗ ನನಗೆ ನಿಂಬೆಹಣ್ಣಿನ ಗಾತ್ರದ ಸಣ್ಣ ಸಣ್ಣ ಮುದ್ದೆ ಕಟ್ಟಿ ತಟ್ಟೆಗೆ ಹಾಕುತ್ತಾಳೆ. ನಾಲ್ಕು ಬೆರಳಲ್ಲಿ ಸಾರಿಗೆ ಅದ್ದಿ ನುಂಗುವುದು ಅಭ್ಯಾಸವಾಗಿದೆ.

ದಫೇದಾರರೇ, ಡ್ರೈವರಣ್ಣನಿಗೆ ಸೋಮವಾರ ಅರ್ಧ ದಿನ ರಜೆ ಬೇಕು, ಇಲ್ಲೇ ಕೇಳುತ್ತಿದ್ದೇನೆ. ಅವನ ಇಎಸ್‌ಐ ಕಾರ್ಡಿನಲ್ಲಿ ಹೆಂಡತಿಯ ಹೆಸರು ತಪ್ಪಾಗಿದೆ, ಮಗುವಿನ ಹೆಸರು ಸೇರೇ ಇಲ್ಲ. ಶಾಖಾ ಕಚೇರಿಗೆ ಅವನನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಕಾರ್ಡೇ ನೋಡದವರು, ಹತ್ತು ಅಂಕಿಯ ವಿಮಾ ನಂಬರ್ ಗೊತ್ತಿಲ್ಲದವರು ಆಧಾರ್, ಬ್ಯಾಂಕ್ ಪಾಸ್‌ಬುಕ್, ಸಂಬಳದ ಚೀಟಿ ಹಿಡಿದು ಜೊತೆಗೆ ಬನ್ನಿ. ಗಾಡಿ ಕೆಲಸ ಮುಗಿದ ಮೇಲೆ, ಸ್ನಾನ ಮಾಡಿಕೊಂಡೇ ಹೊರಡೋಣ.