ಮಾಸ್ಟರ್ ಯಾರ ಬಳಿ ಉಳಿಯುತ್ತದೆ?

ಚಿ. ಮೇಧಾಳಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಸಾಲು ನನ್ನ ನೆಮ್ಮದಿ ಕೆಡಿಸಿದೆ. ನಿಮ್ಮ ಬ್ಯಾಂಡಿನ ಆಲ್ಬಂ ಹೊರತರುವ ಲೇಬಲ್ ಅನ್ನು, ಅಂದರೆ ರೆಕಾರ್ಡ್ ಸಂಸ್ಥೆಯನ್ನು, ನಡೆಸುವವರು ಗೆಳೆಯರೇ ಆದ್ದರಿಂದ ಕರಾರುಪತ್ರ ಕೇಳಲು ಸಂಕೋಚವೆಂದೂ, ಕೇಳದಿದ್ದರೆ ಹಾಡುಗಳು ನಾಳೆ ನಿಮ್ಮವಾಗಿ ಉಳಿಯುತ್ತವೋ ಇಲ್ಲವೋ ಎಂಬ ಅಂಜಿಕೆಯೆಂದೂ ಬರೆದಿರುವೆ. ಆ ಅಂಜಿಕೆಯನ್ನು ತಳ್ಳಿಹಾಕಬೇಡ.

ಪಂಕ್ ಬ್ಯಾಂಡುಗಳಲ್ಲಿ ಬಾಯಿಮಾತಿನ ವ್ಯವಹಾರಕ್ಕೂ ಮರ್ಯಾದೆಯಿದೆ ಎಂದು ನೀನು ವಾದಿಸಬಹುದು, ಅದು ನಿಜ. ವಾಷಿಂಗ್ಟನ್‌ನಲ್ಲಿ ಇಯಾನ್ ಮೆಕಾಯ್ ಮತ್ತು ಜೆಫ್ ನೆಲ್ಸನ್ ತಮ್ಮ ಟೀನ್ ಐಡಲ್ಸ್ ಬ್ಯಾಂಡಿನ ರೆಕಾರ್ಡ್ ಹೊರತರಲೆಂದು 1980ರಲ್ಲಿ ಆರಂಭಿಸಿದ ಡಿಸ್ಕಾರ್ಡ್ ಲೇಬಲ್, ಲಿಖಿತ ಕರಾರಿಲ್ಲದೆಯೇ ಹೆಸರು ಗಳಿಸಿತು. ಆದರೆ ಅಲ್ಲಿ ಲೆಕ್ಕ ಬರೆಯುವವರೇ ವೇದಿಕೆಯ ಮೇಲೂ ಇರುತ್ತಿದ್ದರು. ಲುಕ್‌ಔಟ್ ಲೇಬಲ್‌ನ ಕಥೆ ಬೇರೆ: ರಾಯಲ್ಟಿ ಬಾಕಿ ತೀರದ ಕಾರಣ ಗ್ರೀನ್ ಡೇ ಬ್ಯಾಂಡ್ 2005ರಲ್ಲಿ ತನ್ನ ಆರಂಭದ ಆಲ್ಬಂಗಳನ್ನು ಅಲ್ಲಿಂದ ಹಿಂದಕ್ಕೆ ಪಡೆಯಬೇಕಾಯಿತು. ಹಾಗೆಂದು ಕಾಗದವೊಂದಿದ್ದರೆ ಸಾಕೆಂದೂ ಹೇಳಲಾರೆ. ಯುನಿಕಾರ್ನ್ ಎಂಬ ರೆಕಾರ್ಡ್ ಸಂಸ್ಥೆಯೊಡನೆ ಕರಾರು ಮಾಡಿಕೊಂಡು ವ್ಯಾಜ್ಯಕ್ಕೆ ಸಿಲುಕಿದ ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡ್, ಕೆಲಕಾಲ ತನ್ನದೇ ಹೆಸರಿನಲ್ಲಿ ರೆಕಾರ್ಡ್ ಹೊರತರಲಾಗದೆ ಒದ್ದಾಡಿತು.

ಹಾಡು ಯಾರದಾಗಿ ಉಳಿಯುತ್ತದೆ ಎಂಬ ನಿನ್ನ ಪ್ರಶ್ನೆಗೆ ನಾನು ಮತ್ತೆ ಮತ್ತೆ ಮರಳುವುದಕ್ಕೆ ಕಾರಣವಿದೆ. ಹರೆಯದಲ್ಲಿ ನಾವು ಮುದ್ರಿಸಿದ ಹಾಡುಗಳ ಮೂಲ ಟೇಪು ಒಂದು ಸಣ್ಣ ಸಂಸ್ಥೆಯ ಬಳಿ ಇತ್ತು. ಅದು ಮುಚ್ಚಿದ ಮೇಲೆ ಟೇಪು ಯಾರ ಪಾಲಾಯಿತೋ ತಿಳಿಯಲಿಲ್ಲ. ದುಡ್ಡು ಬರಲಿಲ್ಲವೆಂಬ ಬೇಸರ ಎಂದೋ ಕರಗಿತು. ಆದರೆ ನಮ್ಮ ಡ್ರಮ್ಮರ್ ತೀರಿಕೊಂಡಾಗ, ಅಪ್ಪ ನುಡಿಸಿದ್ದನ್ನು ಒಮ್ಮೆ ಕೇಳಿಸಿ ಎಂದು ಅವನ ಮಕ್ಕಳು ಬಂದರು. ಕೇಳಿಸಲು ನನ್ನ ಬಳಿ ಏನೂ ಇರಲಿಲ್ಲ.

ಆದ್ದರಿಂದ, ಕೇಳದೆಯೇ ಹೇಳುತ್ತಿದ್ದೇನೆಂದು ಬೇಸರಿಸದಿದ್ದರೆ, ಒಂದೇ ಪುಟವಾದರೂ ಬರೆಸಿಕೊ. ಮಾಸ್ಟರ್, ಅಂದರೆ ಹಾಡಿನ ಮೂಲ ಧ್ವನಿಮುದ್ರಣ, ಬ್ಯಾಂಡಿನದು, ಲೇಬಲ್‌ಗಿರುವುದು ಇಂತಿಷ್ಟು ವರ್ಷ ಮಾರುವ ಹಕ್ಕು ಮಾತ್ರ ಎಂಬುದು ಅದರಲ್ಲಿರಲಿ. ಖರ್ಚು ಕಳೆದು ಉಳಿದದ್ದನ್ನು ಹೇಗೆ ಹಂಚಿಕೊಳ್ಳುತ್ತೀರೆಂಬುದೂ ಇದ್ದರೆ ಒಳ್ಳೆಯದು. ಈ ಕಾಲದ ವಿತರಣೆಯ ಲೆಕ್ಕ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಿಜವಾದ ಗೆಳೆಯರಾದರೆ ಕೇಳಿದ್ದಕ್ಕೆ ಮುನಿಯಲಾರರು. ಮುನಿದರೆ, ಆಲ್ಬಂ ಹೊರಬರುವ ಮೊದಲೇ ಅದು ತಿಳಿದಂತಾಯಿತು. ಸ್ಟುಡಿಯೋದಿಂದ ಮೂಲ ಫೈಲುಗಳ ಪ್ರತಿಯನ್ನು ನೀನೇ ತಂದಿಟ್ಟುಕೊ.

ಇನ್ನೊಂದು ಮಾತು. ಬ್ಯಾಂಡಿನಿಂದ ಒಬ್ಬರು ಹೊರನಡೆದರೆ ಅವರು ಬರೆದ ಹಾಡಿನ ಗತಿಯೇನು ಎಂಬುದನ್ನು ನಿಮ್ಮ ನಿಮ್ಮಲ್ಲೇ ಮಾತಾಡಿಕೊಂಡಿದ್ದೀರಾ? ಲೇಬಲ್‌ನವರನ್ನು ಕೇಳುವುದಕ್ಕಿಂತ ಅದು ಕಷ್ಟವೆಂದು ಬಲ್ಲೆ, ಆದರೂ ಮೊದಲು ಅದನ್ನೇ ಇತ್ಯರ್ಥ ಮಾಡಿಕೊಂಡು ನನಗೆ ಬರೆ.

ಇತಿ,
ನಿನ್ನ ಮಾವ