ಕತ್ತಲೆಕಾನಿನ ಹಾಳೆಟೊಪ್ಪಿ ಅಜ್ಜನಿಗೆ

ಅಜ್ಜ, ನಿಮ್ಮ ಹೆಸರು ಕೇಳುವುದನ್ನೇ ಮರೆತೆವು. ಹದಿನೆಂಟು ಬಿಎಸ್ಸಿ ಮಕ್ಕಳು, ಒಬ್ಬರು ಮೇಡಂ, ಕೆಟ್ಟು ನಿಂತ ಒಂದು ಟೆಂಪೊ. ಸಿದ್ದಾಪುರ ತಾಲ್ಲೂಕಿನ ಆ ತಿರುವು. ಈಗ ನೆನಪಾಗಿರಬೇಕು.

ಬಂದವರೇ ನೀವು ಕೇಳಿದ್ದು "ಅರಣ್ಯ ಇಲಾಖೆ ಚೀಟಿ ಇದ್ದಾ?" ಅಂತ. ಇತ್ತು, ಒದ್ದೆಯಾಗಿತ್ತು. ಆಮೇಲೆ ವಾಚರ್ ಕಾಯುತ್ತಿದ್ದ ಜಾಗದವರೆಗೆ ನಡೆಸಿಕೊಂಡು ಹೋದಿರಿ. ಅಲ್ಲಿಂದ ವಾಪಸ್ ಹೋಗಬಹುದಿತ್ತು, ಹೋಗಲಿಲ್ಲ.

ರಾಮಪತ್ರೆ ಜಡ್ಡಿಯನ್ನು, ಅಂದರೆ ರಾಮಪತ್ರೆ ಮರಗಳ ಆ ಕೆಸರುಕಾಡನ್ನು, ನಾವು ಓದಿದ್ದು ನೋಟ್ಸಿನ ಎರಡು ಸಾಲಿನಲ್ಲಿ. ಅಲ್ಲಿ ನೋಡಿದರೆ ಕೆಸರಿನಿಂದ ಬೇರುಗಳು ಮೇಲೆದ್ದು, ಬಾಗಿ, ಮತ್ತೆ ಕೆಸರಿಗೇ ಇಳಿದಿವೆ. ಥೇಟ್ ಮಡಚಿದ ಮೊಣಕಾಲು. ಕೋಲಿನಿಂದ ಒಂದನ್ನು ಮೆಲ್ಲಗೆ ತಟ್ಟಿ, "ನೀರೊಳಗೆ ಉಸಿರು ಕಟ್ತದೆ, ಅದಕ್ಕೇ ಮಂಡಿ ಮೇಲೆ ಮಾಡ್ಕಂಡಿದೆ" ಅಂದಿರಿ. ಉಸಿರಾಟದ ಬೇರಿಗೆ ಇದಕ್ಕಿಂತ ಸಲೀಸಾದ ಪಾಠ ನಾನಂತೂ ಕೇಳಿಲ್ಲ.

ಗೆಳೆಯನೊಬ್ಬ ಎಲೆ ಚಿವುಟಲು ಕೈ ಚಾಚಿದಾಗ "ಸೊನೆ ಸುಡ್ತದೆ ಮಾರಾಯ" ಎಂದು ಗದರಿದಿರಲ್ಲ, ಅದು ಇದೇ ಊರಿನ ಹೆಸರು ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರ ಇರಬೇಕು ಅಂತ ಮೇಡಂ ಅಂದರು. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದು 2000ದಲ್ಲಿ. ನಿಮಗೆ ಅದು ಹುಟ್ಟಿದಾಗಿನಿಂದ ಗೊತ್ತು.

ಸಿಂಗಳೀಕ ಕಾಣಲಿಲ್ಲ, ಬರೀ ಕೂಗು ಕೇಳಿತು. ಉಂಬಳಗಳು ಮಾತ್ರ ಧಾರಾಳವಾಗಿ ಕಂಡವು. ಒಬ್ಬೊಬ್ಬರ ಕಾಲಿಗೂ ಬಗ್ಗಿ ಸುಣ್ಣ ಹಚ್ಚಿದಿರಿ, ನಾವೆಲ್ಲ ನಿಮ್ಮ ಮೊಮ್ಮಕ್ಕಳೇ ಎಂಬಂತೆ.

ತುಂಬಾ ಥ್ಯಾಂಕ್ಸ್ ಅಜ್ಜ. ಆ ಸುಣ್ಣದ ಡಬ್ಬಿ ನನ್ನ ಬ್ಯಾಗಿನಲ್ಲೇ ಉಳಿದುಬಿಟ್ಟಿದೆ.