ಮೂಲವ್ಯಾಧಿಯೆಂದು ಕಳೆದ 11 ತಿಂಗಳು: ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ಶರಾವತಿ ಹಿನ್ನೀರಿನ ಕಡೆಯ ಹಳ್ಳಿಯೊಂದರಲ್ಲಿ ತೋಟ ಮಾಡಿಕೊಂಡಿರುವ ನನ್ನ ಅಣ್ಣನಿಗೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಮಲದೊಂದಿಗೆ ರಕ್ತ ಕಾಣಿಸಿಕೊಂಡಿತು. ಕೊಯ್ಲು, ಸುಲಿಯುವುದು, ಬೇಯಿಸುವುದು ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟು ಉಷ್ಣವಾಗಿರಬೇಕೆಂದು ಮನೆಯವರೆಲ್ಲ ಭಾವಿಸಿದೆವು. ಮಜ್ಜಿಗೆ, ಸುವರ್ಣಗಡ್ಡೆಯ ಪಲ್ಯ, ಮುಟ್ಟಿದರೆ ಮುನಿಯ ರಸ ಎಲ್ಲವೂ ಆದವು. ಆಮೇಲೆ ಔಷಧದಂಗಡಿಯ ಮುಲಾಮು, ಅನಂತರ ಎರಡು ಕ್ಲಿನಿಕ್ಕುಗಳಲ್ಲಿ ಮೂಲವ್ಯಾಧಿಯ ಮಾತ್ರೆ. 11 ತಿಂಗಳು ಕಳೆದ ಮೇಲೆ ಮೂರನೆಯ ಕಡೆ ಯುವ ವೈದ್ಯೆಯೊಬ್ಬರು ಕೈಗವಸು ತೊಟ್ಟು ಬೆರಳಿನಿಂದ ಪರೀಕ್ಷಿಸಿದರು. ಗಡ್ಡೆ ಬೆರಳಿಗೇ ಸಿಕ್ಕಿತು. ಅದು ಗುದನಾಳದ ಕ್ಯಾನ್ಸರ್. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಹಿಂದಿನ ಇಬ್ಬರು ಆ ಒಂದು ನಿಮಿಷವನ್ನು ಕೊಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ, ಕೊಡಲು ಬಂದಿದ್ದರೂ ಅಣ್ಣ ನಾಚಿಕೆಯಿಂದ ಬೇಡವೆನ್ನುತ್ತಿದ್ದನೋ ಏನೋ.

ದೊಡ್ಡಕರುಳಿನ ಕೊನೆಯ ಭಾಗವಾದ ಗುದನಾಳದ ಉದ್ದ ಸುಮಾರು 15 ಸೆಂಟಿಮೀಟರ್. ಅದರ ಕೆಳಭಾಗದಲ್ಲಿ ಬೆಳೆಯುವ ಗಡ್ಡೆಗಳು ಬಹುಮಟ್ಟಿಗೆ ಬೆರಳಿಗೆ ಎಟಕುತ್ತವೆ, ಮೇಲ್ಭಾಗದವು ಎಟಕುವುದಿಲ್ಲ. ಆದ್ದರಿಂದ ಬೆರಳಿಗೆ ಏನೂ ತಾಗದಿದ್ದರೂ ರಕ್ತ ನಿಲ್ಲದಿದ್ದರೆ ಕೊಳವೆ ಕ್ಯಾಮೆರಾದಿಂದ ದೊಡ್ಡಕರುಳನ್ನು ನೋಡುವ ಕೊಲೊನೋಸ್ಕೋಪಿ ಆಗಲೇಬೇಕು. ರಕ್ತದ ಬಣ್ಣ ನೋಡಿ ಮೂಲವ್ಯಾಧಿಯೋ ಕ್ಯಾನ್ಸರೋ ಎಂದು ಹೇಳಲಾಗದು, ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಬರಬಾರದೆಂಬ ನಿಯಮವೂ ಇಲ್ಲ. ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ನಡೆಯುತ್ತಿದೆ. ಕರುಳಿನ ಕ್ಯಾನ್ಸರ್ ಅದರಲ್ಲಿ ಸೇರಿಲ್ಲ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ರೋಗ ಕಡಿಮೆಯಾದ್ದರಿಂದ ಎಲ್ಲರನ್ನೂ ತಪಾಸಣೆಗೆ ಒಳಪಡಿಸಿ ಎಂದು ಕೇಳುವುದು ನ್ಯಾಯವಾಗದು. ನಾನು ಕೇಳುವುದು ಅದಕ್ಕಿಂತ ಬಹಳ ಸಣ್ಣದು: ಮಲದಲ್ಲಿ ರಕ್ತವೆಂದು ಬಂದವರನ್ನು ಬೆರಳು ಪರೀಕ್ಷೆಯಿಲ್ಲದೆ, ಮೂರು ವಾರದೊಳಗೆ ಮತ್ತೆ ಬಂದು ತೋರಿಸಬೇಕೆಂಬ ಸೂಚನೆಯಿಲ್ಲದೆ ಜಿಲ್ಲೆಯ ಏಳು ತಾಲ್ಲೂಕುಗಳ ಯಾವ ಸರ್ಕಾರಿ ಆಸ್ಪತ್ರೆಯೂ ಮನೆಗೆ ಕಳುಹಿಸಬಾರದು. ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರು ಈ ಒಂದು ಪ್ರಶ್ನೆಯನ್ನೂ ಕೇಳಲಿ. ಹೆಂಗಸರು ಹೆಂಗಸರೊಡನೆಯಾದರೂ ಬಾಯಿ ಬಿಟ್ಟಾರು.

ಈ ರೋಗದ ಚಿಕಿತ್ಸೆಯ ಸಂಶೋಧನೆ ಕಳೆದ ನಾಲ್ಕು ದಶಕಗಳಲ್ಲಿ ಎಷ್ಟು ಮುಂದೆ ಹೋಗಿದೆ ಎಂಬುದನ್ನು ಅಣ್ಣನ ಜೊತೆ ಬೆಂಗಳೂರಿಗೆ ಅಲೆದಾಗಲೇ ನಾನು ಓದಿ ತಿಳಿದದ್ದು. ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ ಇಡಿಯಾಗಿ ತೆಗೆಯುವ ವಿಧಾನವನ್ನು ಇಂಗ್ಲೆಂಡಿನ ಬಿಲ್ ಹೀಲ್ಡ್ ಎಂಬ ಶಸ್ತ್ರವೈದ್ಯರು 1982ರಲ್ಲಿ ವಿವರಿಸಿದರು. 1997ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವು, ಶಸ್ತ್ರಚಿಕಿತ್ಸೆಗೆ ಮುನ್ನ ಒಂದೇ ವಾರದಲ್ಲಿ ಐದು ಬಾರಿ ವಿಕಿರಣ ಕೊಟ್ಟರೆ ರೋಗ ಅದೇ ಜಾಗದಲ್ಲಿ ಮರುಕಳಿಸುವುದು ಐದು ವರ್ಷಗಳಲ್ಲಿ ಶೇ. 27ರಿಂದ ಶೇ. 11ಕ್ಕೆ ಇಳಿಯುತ್ತದೆಂದು ತೋರಿಸಿತು. ಇನ್ನೊಂದು ಪದ್ಧತಿಯಲ್ಲಿ ಕಿಮೋಥೆರಪಿಯೊಡನೆ ಐದು ವಾರಕ್ಕೂ ಹೆಚ್ಚು ಕಾಲ ವಿಕಿರಣ ಕೊಡುತ್ತಾರೆ. ಯಾರಿಗೆ ಯಾವುದೆಂಬುದು ಎಂಆರ್‌ಐ ನೋಡಿ ವೈದ್ಯರು ತೀರ್ಮಾನಿಸಬೇಕಾದ ವಿಷಯ, ನನ್ನಂಥವನದ್ದಲ್ಲ. ಆದರೆ 300 ಕಿಲೋಮೀಟರ್ ದೂರದ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು, ತೋಟವನ್ನು ಪರರ ಕೈಗೊಪ್ಪಿಸಿ ಕೂರುವವರಿಗೆ ಐದು ದಿನಕ್ಕೂ ಐದು ವಾರಕ್ಕೂ ಇರುವ ಅಂತರ ವೈದ್ಯಕೀಯ ಅಂತರವಷ್ಟೇ ಅಲ್ಲ. ಎಂಆರ್‌ಐ ಮತ್ತು ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು) ಎರಡನ್ನೂ ಜಿಲ್ಲೆಯಲ್ಲೇ ಮುಗಿಸಿ, ವರದಿಗಳನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ತಜ್ಞರಿಗೆ ಮೊದಲೇ ಕಳುಹಿಸಿ, ಚಿಕಿತ್ಸೆಯ ದಿನ ಗೊತ್ತಾದ ಮೇಲೆ ರೋಗಿ ರೈಲು ಹತ್ತುವಂತಾದರೆ ಎಷ್ಟೋ ವ್ಯರ್ಥ ಪ್ರಯಾಣ ತಪ್ಪುತ್ತದೆ.

ಇನ್ನೊಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೀವಕೋಶ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ತಪ್ಪುಗಳನ್ನು ತಿದ್ದುವ ಕೆಲವು ಪ್ರೋಟೀನುಗಳಿವೆ. ಗುದನಾಳದ ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10ರಷ್ಟರಲ್ಲಿ ಈ ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಅಂಥ ರೋಗಿಗಳಿಗೆ ಡೊಸ್ಟಾರ್ಲಿಮ್ಯಾಬ್ ಎಂಬ ಔಷಧವನ್ನು ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಕೊಟ್ಟಾಗ, ಆರು ತಿಂಗಳ ಚಿಕಿತ್ಸೆ ಮುಗಿಸಿದ ಮೊದಲ 12 ಮಂದಿಯಲ್ಲಿಯೂ ಗಡ್ಡೆ ಕಾಣದಂತಾಯಿತೆಂದು 2022ರಲ್ಲಿ ಪ್ರಕಟವಾಯಿತು. ಆ ದುಬಾರಿ ಔಷಧವನ್ನು ಇಲ್ಲಿ ತರಿಸಿಕೊಡಿ ಎಂದು ನಾನು ಕೇಳುತ್ತಿಲ್ಲ. ಆದರೆ ಬಯಾಪ್ಸಿಯ ಅದೇ ತುಣುಕಿನ ಮೇಲೆ ನಾಲ್ಕು ಪ್ರೋಟೀನುಗಳನ್ನು ನೋಡುವ ಪರೀಕ್ಷೆಯನ್ನು ಅಣ್ಣನಿಗೆ ಮೊದಲು ಯಾರೂ ಬರೆದುಕೊಡಲಿಲ್ಲ, ನಾವಾಗಿ ಕೇಳಬೇಕಾಯಿತು. ಈ ದೋಷ ಕೆಲವು ಮನೆತನಗಳಲ್ಲಿ ವಂಶವಾಹಿಯಾಗಿ ಬರುವುದರಿಂದ ಆ ವರದಿಗಾಗಿ ಕಾದವರಲ್ಲಿ ನಾನೂ, ನಮ್ಮ ತಂಗಿಯೂ ಇದ್ದೆವು. ನಮ್ಮ ಪುಣ್ಯಕ್ಕೆ ದೋಷವಿರಲಿಲ್ಲ. ಕೇಳಲು ತಿಳಿಯದ ಮನೆಯವರ ಗತಿಯೇನು? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬರುವ ಪ್ರತಿಯೊಬ್ಬ ಗುದನಾಳ ಕ್ಯಾನ್ಸರ್ ರೋಗಿಗೂ ಚಿಕಿತ್ಸೆಗೆ ಮುನ್ನ ಈ ಪರೀಕ್ಷೆ ಆಗುವಂತೆ ತಾವು ಸರ್ಕಾರಕ್ಕೆ ಬರೆಯಬೇಕು.

ತಾಲ್ಲೂಕು ಆಸ್ಪತ್ರೆಗಳು ಆರೋಗ್ಯ ಇಲಾಖೆಯವು, ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ವೈದ್ಯಕೀಯ ಶಿಕ್ಷಣ ಇಲಾಖೆಯದು. ಇವೆರಡನ್ನೂ ಒಂದೇ ಮೇಜಿನ ಮುಂದೆ ಕೂರಿಸುವುದು ಜಿಲ್ಲೆಯ ಇಲಾಖೆಗಳ ಪ್ರಗತಿಯನ್ನು ಪರಿಶೀಲಿಸುವ ಕೆಡಿಪಿ ಸಭೆಯ ಅಧ್ಯಕ್ಷತೆ ವಹಿಸುವ ತಮ್ಮಿಂದ ಸಾಧ್ಯವೆಂದೇ ಈ ಪತ್ರವನ್ನು ತಮಗೆ ಬರೆದಿದ್ದೇನೆ. ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಅದನ್ನು ಬರೆದಿಟ್ಟು ಹುಡುಕಿದವರಿದ್ದರು. 1957ರಲ್ಲಿ ಅಲ್ಲಿ ಪತ್ತೆಯಾದ ರೋಗಾಣುವಿಗೆ ಜಗತ್ತು ಆ ಕಾಡಿನ ಹೆಸರನ್ನೇ ಇಟ್ಟಿದೆ. ಅದೇ ರೀತಿ ನಮ್ಮ ಜಿಲ್ಲೆಯಲ್ಲಿ ಗುದನಾಳದ ಕ್ಯಾನ್ಸರ್ ಎಂದು ಖಚಿತವಾದ ಪ್ರತಿಯೊಬ್ಬರ ವಯಸ್ಸು, ರೋಗದ ಹಂತ, ಮೊದಲು ರಕ್ತ ಕಂಡ ದಿನ ಮತ್ತು ಬಯಾಪ್ಸಿಯ ದಿನ ಇಷ್ಟನ್ನು, ಹೆಸರು ಗೋಪ್ಯವಾಗಿಟ್ಟು, ವೈದ್ಯಕೀಯ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳು ದಾಖಲಿಸತೊಡಗಲಿ. ಯಂತ್ರ ಬೇಕಿಲ್ಲ, ಕಟ್ಟಡ ಬೇಕಿಲ್ಲ.

ಅಣ್ಣನಿಗೆ ಈಗ ಹೊಟ್ಟೆಯ ಮೇಲೆ ಮಲ ಸಂಗ್ರಹಿಸುವ ಚೀಲವಿದೆ. ಮಳೆಗಾಲದಲ್ಲಿ ಅದರ ಅಂಟು ಬಿಡುತ್ತದೆ, ಹೊಸ ಚೀಲಕ್ಕೆ ಪ್ರತಿ ಸಲವೂ ಶಿವಮೊಗ್ಗಕ್ಕೇ ಬರಬೇಕು. ಅದೂ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಬೇಕಾದ ವಸ್ತು. ಮುಂದಿನ ಕೆಡಿಪಿ ಸಭೆಗೆ ಕರೆದರೆ, ಅವನ ಒಪ್ಪಿಗೆಯೊಂದಿಗೆ ಆ 11 ತಿಂಗಳ ಚೀಟಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ ತರುತ್ತೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಶಿವಮೊಗ್ಗ ಜಿಲ್ಲೆ